ಕ್ಯಾಮ್ ಬದಲಾಯಿಸಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗಿದೆ, ವ್ಯಾಕ್ಯೂಮ್ ಪಂಪ್ ಹಾಕಲಾ?

ಪ್ರಶ್ನೆ: ಡೆನ್ವರ್‌ನಲ್ಲಿದ್ದೇನೆ. ನನ್ನ ಹತ್ತಿರ 1970ರ ಶೆವರ್ಲೆ ಶೆವೆಲ್ ಇದೆ. 350 ವಿ8 ಇಂಜಿನ್, ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಈ ಚಳಿಗಾಲದಲ್ಲಿ ಪರ್ಫಾರ್ಮೆನ್ಸ್ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್) ಹಾಕಿದೆ. ಡ್ಯುರೇಶನ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳು ತೆರೆದಿರುವ ಅವಧಿ) 274/286 ಡಿಗ್ರಿ, ಲೋಬ್ ಸೆಪರೇಶನ್ (ಆ ಎರಡರ ಉಬ್ಬುಗಳ ನಡುವಿನ ಕೋನ) 110. ಸದ್ದು ಅದ್ಭುತ. ಆದರೆ ಬ್ರೇಕ್ ಪೆಡಲ್ ಕಲ್ಲಿನ ಹಾಗಾಗಿದೆ. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಗೇಜ್ ಪಾರ್ಕ್‌ನಲ್ಲಿ 9 ಇಂಚು (ಪಾದರಸದ ಲೆಕ್ಕ), ಡ್ರೈವ್‌ನಲ್ಲಿ 7 ಇಂಚು ತೋರಿಸುತ್ತದೆ. ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಿದರೆ ಸರಿಹೋಗುತ್ತಾ? ಅಂದಹಾಗೆ, ಎತ್ತರದ ವಾಲ್ವ್ ಕವರ್‌ಗೆ ತಾಗುತ್ತದೆ ಅಂತ ಹಳೇ ಬ್ರೇಕ್ ಬೂಸ್ಟರ್ ತೆಗೆದು 8 ಇಂಚಿನ ಕ್ರೋಮ್ ಬೂಸ್ಟರ್ ಹಾಕಿದ್ದೇನೆ.

ಉತ್ತರ: ನಿಮ್ಮ ಉತ್ತರದ ಅರ್ಧ ಭಾಗ ಆ "ಅಂದಹಾಗೆ"ಯಲ್ಲೇ ಇದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಪೆಡಲ್ ಹೀಗಿರುವಾಗ ಗಾಡಿಯನ್ನು ಟ್ರಾಫಿಕ್‌ಗೆ ಒಯ್ಯಬೇಡಿ. ಹೈವೇಯಲ್ಲಿ ಚೆನ್ನಾಗೇ ಹಿಡಿಯುತ್ತಲ್ಲಾ ಅನ್ನಿಸಬಹುದು. ಮೋಸ ಇರುವುದೇ ಅಲ್ಲಿ. ವೇಗದಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಎಂಥ ಕ್ಯಾಮ್ ಇದ್ದರೂ ಆ ಹೊತ್ತಿಗೆ ವ್ಯಾಕ್ಯೂಮ್ ಏರುತ್ತದೆ, ಬೂಸ್ಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲ ಬ್ರೇಕ್ ಚೆನ್ನಾಗಿರುತ್ತದೆ. ಎರಡನೆಯದು ಪರವಾಗಿಲ್ಲ. ಪಾರ್ಕಿಂಗ್‌ನಲ್ಲಿ ಮುಂದೆ ಹಿಂದೆ ಮಾಡುವಾಗ ಮೂರನೇ ಸಲ ತುಳಿದರೆ ಕಾಲಿಗೆ ಗೋಡೆ ಸಿಗುತ್ತದೆ.

ಇದು ನಾನು ಕಲಿತದ್ದು ಬೆಂಗಳೂರಿನಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ. ಗೆಳೆಯನ ಕಾರ್ಬ್ಯುರೇಟರ್ ಎಸ್ಟೀಮ್‌ಗೆ ನಾವಿಬ್ಬರೇ ಸೇರಿ ರ‍್ಯಾಲಿ ಕ್ಯಾಮ್ ಹಾಕಿದ್ದೆವು. ಊರೆಲ್ಲ ಸುತ್ತಿಸಿದೆವು, ಏನೂ ತೊಂದರೆ ಕಾಣಲಿಲ್ಲ. ರಾತ್ರಿ ಅವನ ಮನೆ ಮುಂದೆ ರಿವರ್ಸ್ ತೆಗೆಯುವಾಗ ನಾಲ್ಕನೇ ಸಲ ಬ್ರೇಕ್ ತುಳಿದೆ. ಗಾಡಿ ನಿಲ್ಲಲಿಲ್ಲ. ಎದುರು ಮನೆಯವರ ಗೇಟಿಗೆ ಬಂಪರ್ ಕೂತಿತು. ಗೇಟ್ ವೆಲ್ಡಿಂಗ್‌ಗೆ ಕೊಟ್ಟ ದುಡ್ಡಿನಲ್ಲಿ ಹತ್ತು ವ್ಯಾಕ್ಯೂಮ್ ಗೇಜ್ ಬರುತ್ತಿತ್ತು.

ಈಗ ಬೂಸ್ಟರ್ ವಿಷಯ. ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ ನಡುವೆ ಇರುವ ಆ ದುಂಡನೆ ಡಬ್ಬಿಯೊಳಗೆ ಒಂದು ರಬ್ಬರ್ ಡಯಾಫ್ರಾಮ್ ಇದೆ. ಅದರ ಒಂದು ಕಡೆ ಇಂಜಿನ್ ಗಾಳಿ ಎಳೆದಿರುತ್ತದೆ. ನೀವು ಪೆಡಲ್ ತುಳಿದಾಗ ಇನ್ನೊಂದು ಕಡೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಡಯಾಫ್ರಾಮನ್ನು ತಳ್ಳುವುದು ಹೊರಗಿನ ಗಾಳಿ, ವ್ಯಾಕ್ಯೂಮ್ ಅಲ್ಲ. ಇದು ಸುಮ್ನೆ ಮಾತಿನ ವ್ಯತ್ಯಾಸ ಅಲ್ಲ. ನೀವು ಬೆಟ್ಟದ ತುದಿಯಲ್ಲಿ ಖಾಲಿ ನೀರಿನ ಬಾಟಲಿಗೆ ಮುಚ್ಚಳ ಬಿಗಿದು ಡೆನ್ವರ್‌ಗೆ ಇಳಿದು ಬಂದರೆ ಬಾಟಲಿ ನುಗ್ಗಾಗಿರುತ್ತದೆ ಅಲ್ವಾ? ಅದೇ ಗಾಳಿ, ಅದೇ ಕೆಲಸ. ಹೊರಗಿನ ಗಾಳಿಯೇ ತೆಳುವಾಗಿದ್ದರೆ ತಳ್ಳುವ ಕೈಯೇ ಸೊರಗಿದ ಹಾಗೆ.

ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ. ಸಮುದ್ರ ಮಟ್ಟದಿಂದ ಪ್ರತಿ 1,000 ಅಡಿ ಮೇಲೆ ಹೋದಂತೆ ಗೇಜ್‌ನಲ್ಲಿ ಹತ್ತಿರ ಹತ್ತಿರ 1 ಇಂಚು ಇಳಿಯುತ್ತದೆ. ಅಂದರೆ ನಿಮಗೆ 5 ಇಂಚು ಹೋಯಿತು, ಕ್ಯಾಮ್ ಮುಟ್ಟುವ ಮೊದಲೇ. ಬೆಂಗಳೂರಿನಲ್ಲೂ ಹೀಗೇ 3 ಇಂಚು ಕಮ್ಮಿ. ಅಲ್ಲಿನ ಗ್ಯಾರೇಜುಗಳಲ್ಲಿ ವಿದೇಶಿ ಪುಸ್ತಕದ 20 ಇಂಚು ನೋಡಿ, ಇಂಜಿನ್‌ನಲ್ಲಿ ಏನೋ ದೋಷ ಇದೆ ಅಂತ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಕ್ಯಾಮ್ ಕ್ಯಾಟಲಾಗ್‌ಗಳೂ ನಿಮ್ಮ ಊರಿನ ಎತ್ತರ ನೋಡಿ ಬರೆದವಲ್ಲ. ಇದೇ ಕ್ಯಾಮ್ ಲಾಸ್ ಏಂಜಲೀಸ್‌ನಲ್ಲಿ 12 ಇಂಚು ಕೊಟ್ಟು ಹೇಗೋ ಬ್ರೇಕ್ ನಡೆಸಿಕೊಂಡು ಹೋಗುತ್ತಿತ್ತು.

ಇನ್ನು ಕ್ಯಾಮ್ ಏನು ಮಾಡಿತು? ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿಲ್ಲ, ಆಗಲೇ ಇನ್‌ಟೇಕ್ ತೆರೆದಿದೆ. ಎರಡೂ ಒಟ್ಟಿಗೆ ತೆರೆದಿರುವ ಈ ಹೊತ್ತಿಗೆ ಓವರ್‌ಲ್ಯಾಪ್ ಅನ್ನುತ್ತೇವೆ. 5,000 ಆರ್‌ಪಿಎಂನಲ್ಲಿ ಇದರಿಂದ ಲಾಭ. ಐಡ್ಲಿಂಗ್‌ನಲ್ಲಿ ಮಾತ್ರ ಸುಟ್ಟ ಹೊಗೆ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವಾಪಸ್ ನುಗ್ಗುತ್ತದೆ. ವ್ಯಾಕ್ಯೂಮ್ ಕೆಡುತ್ತದೆ, ಸಿಲಿಂಡರ್‌ಗಳು ಒಂದೊಂದು ಸಲ ಉರಿಯುವುದನ್ನೇ ತಪ್ಪಿಸುತ್ತವೆ. ನೀವು ಅದ್ಭುತ ಅಂದ ಆ ಕುಂಟುವ ಸದ್ದು ಇದೇ. ನಮ್ಮಲ್ಲಿ ಬುಲೆಟ್‌ನವರು ಡುಗ್‌ಡುಗ್ ಕೇಳಲಿ ಅಂತ ಐಡ್ಲಿಂಗ್ ಇಳಿಸಿ, ಸಿಗ್ನಲ್‌ನಲ್ಲಿ ಆಫ್ ಆದಾಗ ಕಿಕ್ ಹೊಡೆಯುತ್ತಾರಲ್ಲ, ಅದೇ ಹುಚ್ಚು. ನನಗೂ ಇದೆ, ಬೈಯುತ್ತಿಲ್ಲ.

ಓವರ್‌ಲ್ಯಾಪ್ ಲೆಕ್ಕ ಹಾಕುವುದು ಸುಲಭ. ಎರಡೂ ಡ್ಯುರೇಶನ್ ಕೂಡಿಸಿ 4ರಿಂದ ಭಾಗಿಸಿ. ಅದರಲ್ಲಿ ಲೋಬ್ ಸೆಪರೇಶನ್ ಕಳೆಯಿರಿ. ಬಂದದ್ದನ್ನು ಎರಡರಿಂದ ಗುಣಿಸಿ. ನಿಮ್ಮದು 274 ಮತ್ತು 286, ಕೂಡಿದರೆ 560, ಭಾಗಿಸಿದರೆ 140. ಅದರಲ್ಲಿ 110 ಹೋದರೆ 30. ಎರಡು ಪಟ್ಟು ಅಂದರೆ 60 ಡಿಗ್ರಿ. ಅದೇ 262/270ರ ಕ್ಯಾಮನ್ನು 112ರ ಸೆಪರೇಶನ್‌ನಲ್ಲಿ ತೆಗೆದುಕೊಂಡಿದ್ದರೆ 42 ಡಿಗ್ರಿ ಆಗುತ್ತಿತ್ತು. ಪವರ್ ಬ್ರೇಕ್ ಇರುವ, ಎತ್ತರದ ಊರಿನಲ್ಲಿ ಓಡುವ 350ಗೆ ನಾನಾಗಿದ್ದರೆ ಅದನ್ನೇ ಕೊಡುತ್ತಿದ್ದೆ. ಹಾಕಿದ್ದಾಗಿದೆ, ಇರಲಿ. ಈಗಲೇ ತೆಗೆಯಿರಿ ಅನ್ನುವುದಿಲ್ಲ.

ಈಗ ಆ ಕ್ರೋಮ್ ಡಬ್ಬಿಗೆ ಬರೋಣ. ಕಾರ್ಖಾನೆಯಿಂದ ಬಂದ ನಿಮ್ಮ ಬೂಸ್ಟರ್ 11 ಇಂಚಿನದು ಇದ್ದಿರಬೇಕು. ಅದರ ಡಯಾಫ್ರಾಮ್ ಸುಮಾರು 95 ಚದರ ಇಂಚು. 8 ಇಂಚಿನ ಒಂಟಿ ಡಯಾಫ್ರಾಮ್‌ದು ಬರೀ 50. ವ್ಯಾಸ ಮೂರೇ ಇಂಚು ಕಮ್ಮಿಯಾದರೂ ವಿಸ್ತೀರ್ಣ ಅರ್ಧಕ್ಕೆ ಬಂತು. ಒಂದು ಇಂಚು ವ್ಯಾಕ್ಯೂಮ್ ಅಂದರೆ ಚದರ ಇಂಚಿಗೆ ಹೆಚ್ಚುಕಮ್ಮಿ ಅರ್ಧ ಪೌಂಡ್ ಒತ್ತಡ. ಹಳೇ ಕ್ಯಾಮ್, ಹಳೇ ಬೂಸ್ಟರ್ ಇದ್ದಾಗ ಡೆನ್ವರ್‌ನಲ್ಲಿ 14 ಇಂಚು ಸಿಗುತ್ತಿತ್ತು ಅಂತಿಟ್ಟುಕೊಳ್ಳಿ. ಆಗ ನಿಮ್ಮ ಕಾಲಿನ ಜೊತೆ ಡಯಾಫ್ರಾಮ್ ಸುಮಾರು 295 ಕೆಜಿ ತಳ್ಳುತ್ತಿತ್ತು. ಈಗ 7 ಇಂಚು, 8 ಇಂಚಿನ ಡಬ್ಬಿ. ಲೆಕ್ಕ 78 ಕೆಜಿಗೆ ಬಂದು ನಿಲ್ಲುತ್ತದೆ. ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ, ಅಷ್ಟೇ. ಪೆಡಲ್ ಕಲ್ಲಾಗದೆ ಇನ್ನೇನಾಗುತ್ತದೆ? ಕ್ಯಾಮ್ ಒಂದರಿಂದಲೇ ಆಗಿದ್ದರೆ ಅರ್ಧ ಉಳಿಯುತ್ತಿತ್ತು. ಆ ಉಳಿದದ್ದರಲ್ಲೂ ಅರ್ಧವನ್ನು ತಿಂದಿದ್ದು ವಾಲ್ವ್ ಕವರ್.

ಹಾಗಾಗಿ ಪಂಪ್ ದುಡ್ಡು ಜೇಬಲ್ಲೇ ಇರಲಿ. ಮೊದಲು ಗೇಜ್ ಹಿಡಿಯಿರಿ.

ಗೇಜ್ ಎಲ್ಲಿಗೆ ಚುಚ್ಚಿದ್ದೀರಿ ನೋಡಿ. ಕಾರ್ಬ್ಯುರೇಟರ್‌ನಲ್ಲಿ ಥ್ರಾಟಲ್‌ಗಿಂತ ಮೇಲಿರುವ ಪೋರ್ಟ್ ಐಡ್ಲಿಂಗ್‌ನಲ್ಲಿ ಏನೂ ತೋರಿಸುವುದಿಲ್ಲ. ಮ್ಯಾನಿಫೋಲ್ಡ್‌ನಿಂದ ನೇರ ಬರುವ ಪೋರ್ಟ್ ಬೇಕು. ಇನ್ನೂ ಒಳ್ಳೆಯದು ಅಂದರೆ ಬೂಸ್ಟರ್ ಹೋಸ್‌ಗೇ ಒಂದು ಟಿ ಹಾಕಿ ಅಲ್ಲಿ ನೋಡುವುದು. ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಪಾರ್ಕಿಂಗ್ ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಕೊಟ್ಟು ಡ್ರೈವ್‌ಗೆ ಹಾಕಿ ಓದಿ. ಪಾರ್ಕ್‌ನಲ್ಲಿ ಬಂದ ಅಂಕಿಯನ್ನು ಮರೆತುಬಿಡಿ. ಬ್ರೇಕ್ ಬೇಕಾಗುವುದು ಗೇರ್‌ನಲ್ಲಿದ್ದಾಗ.

ಆಮೇಲೆ ಲೀಕ್. ಕ್ಯಾಮ್ ಹಾಕುವಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿರುತ್ತೀರಿ. ಅದರ ಗ್ಯಾಸ್ಕೆಟ್, ಕಾರ್ಬ್ಯುರೇಟರ್ ತಳದ ಗ್ಯಾಸ್ಕೆಟ್, ಪಿಸಿವಿ ಹೋಸ್ (ಇಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಒಯ್ಯುವುದು), ಯಾವುದೋ ಮುಚ್ಚಲು ಮರೆತ ಪೋರ್ಟ್, ಎಲ್ಲವೂ ಅನುಮಾನದ ಪಟ್ಟಿಯಲ್ಲಿವೆ. ಹೋಸ್ ಬಗ್ಗೆ ಒಂದು ಮಾತು. ಮೆತ್ತಗಿನ ಪೆಟ್ರೋಲ್ ಹೋಸ್ ಹಾಕಿದ್ದರೆ ಬಿಸಿಯಾದಾಗ ಒಳಗೇ ಚಪ್ಪಟೆಯಾಗುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬ್ರೇಕ್ ಬೂಸ್ಟರ್‌ಗೆಂದೇ ಮಾಡಿದ ಗಟ್ಟಿ ಹೋಸ್ ಬೇಕು.

ಬೂಸ್ಟರನ್ನೂ ಪರೀಕ್ಷೆ ಮಾಡಿ. ಹೊಸದು ಅಂತ ಬಿಡಬೇಡಿ. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ತುಳಿದು ಹಿಡಿದೇ ಸ್ಟಾರ್ಟ್ ಮಾಡಿ. ಬೂಸ್ಟರ್ ಸರಿ ಇದ್ದರೆ ಪೆಡಲ್ ಕಾಲ ಕೆಳಗೆ ಸ್ವಲ್ಪ ಕುಸಿಯುತ್ತದೆ. ಮತ್ತೆ ಇಂಜಿನ್ ಒಮ್ಮೆ ರೇಸ್ ಮಾಡಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ತುಳಿಯಿರಿ. ಮೊದಲ ತುಳಿತ ಮೆತ್ತಗಿರಬೇಕು. ಇಲ್ಲದಿದ್ದರೆ ಹೋಸ್ ಸೇರುವ ಜಾಗದಲ್ಲಿರುವ ಒನ್‌ವೇ ವಾಲ್ವ್ ಹಿಡಿದಿಡುತ್ತಿಲ್ಲ, ಅಥವಾ ಡಯಾಫ್ರಾಮೇ ಸೋರುತ್ತಿದೆ.

ಲೀಕ್ ಇಲ್ಲ ಅಂತಾದ ಮೇಲೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು. ನನ್ನ ಅನುಭವದಲ್ಲಿ ಜನ ಬಿಡುವುದೇ ಇದನ್ನು, ಜಾಸ್ತಿ ಸಿಗುವುದೂ ಇದರಲ್ಲೇ. ಹಳೇ ಕ್ಯಾಮ್‌ಗೆ ಐಡ್ಲಿಂಗ್‌ನಲ್ಲಿ ಹತ್ತಕ್ಕಿಂತ ಕಮ್ಮಿ ಡಿಗ್ರಿ ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುವುದು) ಸಾಕಿತ್ತು. ಹೊಸ ಕ್ಯಾಮ್‌ನ ಸಿಲಿಂಡರ್‌ನಲ್ಲಿ ಹಳೇ ಹೊಗೆ ಬೆರೆತಿರುತ್ತದೆ, ಮಿಕ್ಸ್‌ಚರ್ ನಿಧಾನ ಉರಿಯುತ್ತದೆ. ಕಿಡಿ ಬೇಗ ಬೀಳಬೇಕು. ಮೊದಲ ಟೈಮಿಂಗ್ 16 ಡಿಗ್ರಿಗೆ ಇಡಿ. ಹಾಗೇ ಬಿಟ್ಟರೆ ಮೇಲಿನ ಆರ್‌ಪಿಎಂನಲ್ಲಿ ವಿಪರೀತ ಆಗುತ್ತದೆ. ಆದ್ದರಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಮೆಕ್ಯಾನಿಕಲ್ ಅಡ್ವಾನ್ಸನ್ನು 20 ಡಿಗ್ರಿಗೆ ಕಟ್ಟಿಹಾಕಿ. ಒಟ್ಟು 36 ದಾಟಬಾರದು. ವ್ಯಾಕ್ಯೂಮ್ ಅಡ್ವಾನ್ಸ್ ಹೋಸನ್ನು ಮ್ಯಾನಿಫೋಲ್ಡ್ ಪೋರ್ಟ್‌ಗೇ ಸೇರಿಸಿ. ಇಲ್ಲೊಂದು ತೊಡಕು ಇದೆ. ಮಾಮೂಲಿ ವ್ಯಾಕ್ಯೂಮ್ ಕ್ಯಾನಿಸ್ಟರ್ (ಈ ಅಡ್ವಾನ್ಸ್ ಎಳೆಯುವ ಪುಟ್ಟ ಡಬ್ಬಿ) ಪೂರ್ತಿ ಎಳೆಯಲು 15 ಇಂಚಿನಷ್ಟು ಕೇಳುತ್ತದೆ. ನಿಮ್ಮಲ್ಲಿರುವ 7ರಲ್ಲಿ ಅದು ಎಳೆದೂ ಬಿಟ್ಟೂ ಆಟ ಆಡುತ್ತದೆ, ಐಡ್ಲಿಂಗ್ ಕುಣಿಯುತ್ತದೆ. ಬೇಗ ಎಳೆಯುವ, 8 ಇಂಚಿಗೆಲ್ಲ ಪೂರ್ತಿ ಮುಗಿಸುವ ಕ್ಯಾನಿಸ್ಟರ್ ಸಿಗುತ್ತದೆ, ಅದನ್ನು ಹಾಕಿ. ಡ್ರೈವ್‌ನಲ್ಲಿ ವ್ಯಾಕ್ಯೂಮ್ ಆ 8ಕ್ಕಿಂತ ಒಂದೆರಡು ಇಂಚು ಮೇಲೆ ಬಂದು ನಿಂತರೆ ಕುಣಿತ ನಿಲ್ಲುತ್ತದೆ. ಪೆಟ್ರೋಲ್ ಕೂಡ ನೋಡಿಕೊಳ್ಳಿ. ಕೊಲರಾಡೋ ಬಂಕ್‌ಗಳಲ್ಲಿ 85 ಆಕ್ಟೇನ್ ಕೂಡ ಮಾರುತ್ತಾರೆ, ಅಗ್ಗ ಅಂತ ಇದಕ್ಕೆ ಹಾಕಬೇಡಿ. 91 ಹಾಕಿ.

ಕಾರ್ಬ್ಯುರೇಟರ್ ಹಾಲಿ (Holley) ಕಂಪನಿಯದಾಗಿದ್ದರೆ ಅದರ ಪವರ್ ವಾಲ್ವ್ (ಹೊರೆ ಬಿದ್ದಾಗ ಹೆಚ್ಚು ಪೆಟ್ರೋಲ್ ಬಿಡುವುದು) ನಂಬರ್ ನೋಡಿ. ಸಾಮಾನ್ಯವಾಗಿ 65 ಇರುತ್ತದೆ, ಅಂದರೆ ವ್ಯಾಕ್ಯೂಮ್ 6.5 ಇಂಚಿಗಿಂತ ಇಳಿದರೆ ತೆರೆದುಕೊಳ್ಳುತ್ತದೆ. ನಿಮ್ಮದು 7ರಲ್ಲಿ ನಡುಗುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗಲೇ ವಾಲ್ವ್ ತೆರೆದು ಪೆಟ್ರೋಲ್ ಸುರಿಯುತ್ತಿರಬಹುದು. ಪ್ಲಗ್ ಕಪ್ಪಾಗಿದ್ದರೆ, ಎಕ್ಸಾಸ್ಟ್ ಹೊಗೆ ಕಣ್ಣು ಉರಿಸಿದರೆ ಇದೇ ಕಾರಣ. ಡ್ರೈವ್‌ನಲ್ಲಿ ಸಿಗುವ ವ್ಯಾಕ್ಯೂಮ್‌ನ ಅರ್ಧ ಲೆಕ್ಕದಲ್ಲಿ 35 ನಂಬರ್ ಹಾಕಿ. ನಿಮ್ಮ ಎತ್ತರಕ್ಕೆ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಕೂಡ ಎರಡು ಮೂರು ನಂಬರ್ ಇಳಿಸಬೇಕಾಗುತ್ತದೆ.

ಇನ್ನೊಂದನ್ನು ಹತ್ತಿರದಿಂದ ನೋಡಬೇಕು. ಕಾರ್ಬ್ಯುರೇಟರ್ ಬಿಚ್ಚಿ ತಲೆಕೆಳಗು ಮಾಡಿ. ಪ್ರೈಮರಿ ಥ್ರಾಟಲ್ ಬ್ಲೇಡ್ ಪಕ್ಕ ಗೋಡೆಯಲ್ಲಿ ಒಂದು ಉದ್ದನೆ ಸೀಳು ಕಾಣುತ್ತದೆ. ಐಡ್ಲಿಂಗ್ ಸ್ಕ್ರೂ ಇರುವ ಜಾಗದಲ್ಲೇ ಬಿಟ್ಟು ನೋಡಿ. ಬ್ಲೇಡ್ ಕೆಳಗೆ ಆ ಸೀಳು ಒಂದು ಪುಟ್ಟ ಚೌಕದಷ್ಟು ಮಾತ್ರ ಕಾಣಬೇಕು, ಎಷ್ಟು ಅಗಲವೋ ಅಷ್ಟೇ ಉದ್ದ. ದೊಡ್ಡ ಕ್ಯಾಮ್ ಹಾಕಿದವರು ಇಂಜಿನ್ ಆಫ್ ಆಗದಿರಲಿ ಅಂತ ಸ್ಕ್ರೂ ತಿರುಗಿಸಿ ತಿರುಗಿಸಿ ಸೀಳನ್ನೆಲ್ಲ ತೆರೆದಿಟ್ಟಿರುತ್ತಾರೆ. ಆಮೇಲೆ ಮಿಕ್ಸ್‌ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್ ಮಾತು ಕೇಳುವುದಿಲ್ಲ. ಪ್ರೈಮರಿ ಮುಚ್ಚಿ, ಬೇಕಾದ ಗಾಳಿಯನ್ನು ಸೆಕೆಂಡರಿ ಬ್ಲೇಡ್ ಕೂದಲೆಳೆಯಷ್ಟು ತೆರೆದು ಕೊಡಿ. ಟೈಮಿಂಗ್ ಮುಂದೆ ಹೋದ ಮೇಲೆ ಇದು ಎಷ್ಟೋ ಸುಲಭ, ಯಾಕೆಂದರೆ ಐಡ್ಲಿಂಗ್ ತಾನಾಗೇ ಏರಿರುತ್ತದೆ. ಆಮೇಲೆ ಮಿಕ್ಸ್‌ಚರ್ ಸ್ಕ್ರೂಗಳನ್ನು ಒಂದೊಂದಾಗಿ ಗೇಜ್ ಮುಳ್ಳು ಎಲ್ಲಿ ಜಾಸ್ತಿ ನಿಲ್ಲುತ್ತದೋ ಅಲ್ಲಿಗೆ ಬಿಡಿ.

ಇಂಜಿನ್‌ಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆಯಿಂದ ಕೊಂಡಿಯಾಗುವ ಟಾರ್ಕ್ ಕನ್ವರ್ಟರ್ ಹಳೆಯದೇ ಇದೆಯಾ? ಪಾರ್ಕ್‌ಗೂ ಡ್ರೈವ್‌ಗೂ ಇರುವ ವ್ಯತ್ಯಾಸ ನಿಮ್ಮದರಲ್ಲಿ 2 ಇಂಚು, ತೀರಾ ಕೆಟ್ಟದ್ದಲ್ಲ. ಆದರೂ ಈ ಕ್ಯಾಮ್ 2,400ರಿಂದ 2,800 ಸ್ಟಾಲ್ (ಗಾಡಿ ತಡೆದು ಹಿಡಿದಾಗ ಇಂಜಿನ್ ಏರಬಹುದಾದ ಆರ್‌ಪಿಎಂ) ಇರುವ ಕನ್ವರ್ಟರ್ ಬಯಸುತ್ತದೆ. ಗೇರ್‌ನಲ್ಲಿ ನಿಂತಾಗ ಇಂಜಿನ್ ಮೇಲಿನ ಹೊರೆ ಇಳಿಯುತ್ತದೆ, ಹೊರೆ ಇಳಿದಷ್ಟು ವ್ಯಾಕ್ಯೂಮ್ ಏರುತ್ತದೆ. ಗೇರ್‌ಬಾಕ್ಸ್ ಇಳಿಸುವ ಕೆಲಸ ಅದು. ಬೇರೆ ಯಾವುದಕ್ಕಾದರೂ ಇಳಿಸುವ ದಿನ ಬಂದಾಗ ಮಾಡಿ.

ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ಸರಿಹೋದರೆ ಡ್ರೈವ್‌ನಲ್ಲಿ 7 ಇರುವುದು 10ರ ಹತ್ತಿರ ಬರಬಹುದು ಅಂತ ನನ್ನ ಅಂದಾಜು. ಅದರ ಜೊತೆ ಹಳೇ 11 ಇಂಚಿನ ಬೂಸ್ಟರ್ ವಾಪಸ್ ಹಾಕಿ. ಲೆಕ್ಕ 210 ಕೆಜಿ ಆಯಿತು. ಈಗಿನ 78ರ ಮುಂದೆ ನೋಡಿ. ಪಂಪ್ ಇಲ್ಲ, ಕ್ಯಾಮ್ ಮುಟ್ಟಿಲ್ಲ. ಎತ್ತರದ ವಾಲ್ವ್ ಕವರ್ ಬಿಡಲು ಮನಸ್ಸಿಲ್ಲದಿದ್ದರೆ 8 ಇಂಚಿನದ್ದರಲ್ಲೇ ಎರಡು ಡಯಾಫ್ರಾಮ್ ಇರುವ ಬೂಸ್ಟರ್ ತೆಗೆದುಕೊಳ್ಳಿ. ಉದ್ದ ಸ್ವಲ್ಪ ಜಾಸ್ತಿ, ಶಕ್ತಿ 11 ಇಂಚಿನದಕ್ಕೆ ಹತ್ತಿರ ಹೋಗುತ್ತದೆ. ಕ್ರೋಮ್‌ನಲ್ಲೂ ಸಿಗುತ್ತದೆ, ಬೇಜಾರು ಬೇಡ.

ಇಷ್ಟಾದ ಮೇಲೂ ಸಾಲದಿದ್ದರೆ? ವ್ಯಾಕ್ಯೂಮ್ ಶೇಖರಿಸುವ ರಿಸರ್ವ್ ಡಬ್ಬಿ ಮಾರುತ್ತಾರೆ. ಅದು ಬ್ಯಾಂಕ್ ಖಾತೆ ಇದ್ದ ಹಾಗೆ, ಹಾಕಿದ್ದಷ್ಟೇ ತೆಗೆಯಬಹುದು. ಹೈವೇಯಲ್ಲಿ ಇಳಿಜಾರಿನಲ್ಲಿ ತುಂಬಿದ ವ್ಯಾಕ್ಯೂಮ್ ಎರಡು ಮೂರು ತುಳಿತ ಜಾಸ್ತಿ ಕೊಡುತ್ತದೆ. ಗಂಟೆಗಟ್ಟಲೆ ತೆವಳುವ ಟ್ರಾಫಿಕ್‌ನಲ್ಲಿ ಅದೂ 10 ಇಂಚಿಗೇ ಇಳಿಯುತ್ತದೆ. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ ಆಗುತ್ತದಲ್ಲ, ಅಲ್ಲಿ ಇಂಥ ಡಬ್ಬಿ ನಂಬಿಕೊಂಡು ಮುಂದಿನ ಕಾರಿಗೆ ಮುತ್ತಿಕ್ಕಿದವರನ್ನು ನೋಡಿದ್ದೇನೆ.

ಪಂಪ್‌ಗೆ ನಾನು ವಿರೋಧಿ ಅಲ್ಲ. ಡೀಸೆಲ್ ಇಂಜಿನ್‌ನಲ್ಲಿ ಥ್ರಾಟಲ್ ಕೆಲಸ ಇಲ್ಲ, ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೇ ಊರಿನಲ್ಲಿ ಸುಮೋ, ಬೊಲೆರೊಗಳ ಆಲ್ಟರ್ನೇಟರ್ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರುತ್ತಿತ್ತು. ಲಕ್ಷಾಂತರ ಗಾಡಿಗಳು ಹಾಗೇ ಓಡಿವೆ. ನೀವು ಎಲೆಕ್ಟ್ರಿಕ್ ಪಂಪ್ ಹಾಕಿದರೆ ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ದಪ್ಪ ವೈರ್ ಎಳೆಯಿರಿ, ಕೀ ಆನ್ ಆದಾಗ ಮಾತ್ರ ಓಡುವಂತಿರಲಿ, ಇಂಜಿನ್ ಕಡೆಗೊಂದು ಒನ್‌ವೇ ವಾಲ್ವ್ ಇರಲಿ. ಡೆನ್ವರ್‌ನವರಿಗೇ ಅಂತ ಒಂದು ಎಚ್ಚರಿಕೆ ಇದೆ. ಪಂಪ್ ಜೊತೆ ಬರುವ ಸ್ವಿಚ್ ಎಷ್ಟು ಇಂಚಿಗೆ ಆಫ್ ಆಗುತ್ತದೆ ನೋಡಿ. 22 ಇಂಚಿಗೆ ಆಫ್ ಆಗುವಂತಿದ್ದರೆ ಅದು ಸಮುದ್ರ ಮಟ್ಟದವರಿಗೆ ಸರಿ. ನಿಮ್ಮೂರಿನಲ್ಲಿ ಇರುವ ಗಾಳಿಯೇ 24-25 ಇಂಚಿನಷ್ಟು. ಪುಟ್ಟ ಪಂಪ್ 22ಕ್ಕೆ ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ನಿಲ್ಲುವುದಿಲ್ಲ, ಓಡಿ ಓಡಿ ಸುಟ್ಟುಹೋಗುತ್ತದೆ. 18ಕ್ಕೆ ಆಫ್ ಆಗುವ, ಅಥವಾ ತಿರುಗಿಸಿ ಹೊಂದಿಸಬಹುದಾದ ಸ್ವಿಚ್ ಕೇಳಿ ತೆಗೆದುಕೊಳ್ಳಿ.

ಮುಂದೆ ಇನ್ನೂ ದೊಡ್ಡ ಕ್ಯಾಮ್ ಹಾಕುವ ಆಸೆ ಇದ್ದರೆ ವ್ಯಾಕ್ಯೂಮ್ ಸಹವಾಸವೇ ಬೇಡ, ಹೈಡ್ರೋಬೂಸ್ಟ್‌ಗೆ ಹೋಗಿ. ಬೆಂಡಿಕ್ಸ್ 1973ರ ಹೊತ್ತಿಗೆ ತಂದದ್ದು. ಪವರ್ ಸ್ಟೀರಿಂಗ್ ಪಂಪ್‌ನ ಎಣ್ಣೆ ಒತ್ತಡದಿಂದ ಬ್ರೇಕ್ ಒತ್ತುತ್ತದೆ. 1996ರಿಂದ ಮಸ್ಟಾಂಗ್ ಜಿಟಿಯಲ್ಲೂ ಇದೇ ಇತ್ತು. ಅದಕ್ಕೆ ಕ್ಯಾಮ್ ಎಷ್ಟು ಕುಂಟಿದರೂ, ಊರು ಎಷ್ಟು ಎತ್ತರ ಇದ್ದರೂ ಲೆಕ್ಕಕ್ಕಿಲ್ಲ. ಪೈಪುಗಳ ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಬೂಸ್ಟರೇ ಇಲ್ಲದ ಮ್ಯಾನುಯಲ್ ಬ್ರೇಕ್ ಕೂಡ ಒಂದು ದಾರಿ. ಶೆವೆಲ್ ಪೆಡಲ್ ಕೈಯಲ್ಲಿ ಎರಡು ತೂತು ಇದ್ದರೆ ಮೇಲಿನದು ಅದಕ್ಕೇ. ಸನ್ನೆಯ ಬಲ ಅಲ್ಲಿ ಜಾಸ್ತಿ ಸಿಗುತ್ತದೆ. ಜೊತೆಗೆ ಸಣ್ಣ ಬೋರಿನ ಮಾಸ್ಟರ್ ಸಿಲಿಂಡರ್ ಬೇಕು. ಮನೆಯಲ್ಲಿ ಬೇರೆಯವರೂ ಓಡಿಸುವ ಗಾಡಿಯಾದರೆ ನಾನು ಅದನ್ನು ಹೇಳುವುದಿಲ್ಲ.

ಬೂಸ್ಟರ್ ಬದಲಾಯಿಸುವ ದಿನ ಒಂದು ಅಳತೆ ಮರೆಯಬೇಡಿ. ಬೂಸ್ಟರ್‌ನಿಂದ ಹೊರಗೆ ಬರುವ ರಾಡ್ ತುದಿಗೂ ಮಾಸ್ಟರ್ ಸಿಲಿಂಡರ್ ಪಿಸ್ಟನ್‌ಗೂ ನಡುವೆ ಅರ್ಧ ಮಿಲಿಮೀಟರ್ ಗ್ಯಾಪ್ ಇರಬೇಕು. ರಾಡ್ ತುದಿಗೆ ಸ್ವಲ್ಪ ಜೇಡಿಮಣ್ಣು ಅಂಟಿಸಿ, ಮಾಸ್ಟರ್ ಸಿಲಿಂಡರ್ ಕೂರಿಸಿ ಬಿಗಿದು, ಮತ್ತೆ ಬಿಚ್ಚಿ ಮಣ್ಣು ಎಷ್ಟು ಚಪ್ಪಟೆಯಾಗಿದೆ ಅಂತ ಅಳೆಯಿರಿ. ಮಕ್ಕಳು ಆಡುವ ಬಣ್ಣದ ಮಣ್ಣು ನಡೆಯುತ್ತದೆ, ನಾನು ಅದನ್ನೇ ಬಳಸುವುದು. ಗ್ಯಾಪ್ ಇಲ್ಲದಿದ್ದರೆ ಹತ್ತು ಮೈಲಿ ಹೋಗುವಷ್ಟರಲ್ಲಿ ಬ್ರೇಕ್ ಹಿಡಿದುಕೊಂಡು ಮುಂದಿನ ಡಿಸ್ಕ್ ಕಾದು ನೀಲಿಯಾಗುತ್ತದೆ. ಜಾಸ್ತಿಯಾದರೆ ಪೆಡಲ್ ಅರ್ಧ ದಾರಿ ಸುಮ್ನೆ ಇಳಿಯುತ್ತದೆ, ಆಮೇಲೆ ಅದಕ್ಕೂ ಕ್ಯಾಮ್ ಕಾರಣ ಅಂತ ನೀವು ನನಗೆ ಇನ್ನೊಂದು ಪ್ರಶ್ನೆ ಕಳಿಸುತ್ತೀರಿ.